ಪ್ರಾಣಿರೂಪದ ಹಳೆಯ ಒಡವೆಗಳು

ಪ್ರಾಣಿ, ಪಕ್ಷಿ, ಹಾವು, ಮೀನು, ಹುಳುಹುಪ್ಪಟೆಗಳ ಆಕಾರದಲ್ಲಿಯೋ ಮಕರ, ಗಂಡಭೇರುಂಡ, ಗ್ರಿಫಿನ್‌ನಂಥ ಕಲ್ಪನೆಯ ಜೀವಿಗಳ ಆಕಾರದಲ್ಲಿಯೋ ಚಿನ್ನ ಮತ್ತು ಹರಳುಗಳಿಂದ ಮಾಡಿದ ಆಭರಣಗಳು. ಓಲೆ, ಉಂಗುರ, ಕಡಗ, ಪದಕ, ತೋಳುಬಂದಿ, ಜಡೆಯ ಒಡವೆ, ಬಟ್ಟೆಗೆ ಚುಚ್ಚುವ ಬ್ರೂಚ್ ಎಲ್ಲವೂ ಈ ಗುಂಪಿಗೆ ಸೇರುತ್ತವೆ. ನೂರು ವರ್ಷ ದಾಟಿದ್ದನ್ನು ಆಂಟೀಕ್ ಎಂದೂ, ಅಷ್ಟು ಹಳೆಯದಲ್ಲದಿದ್ದರೂ ಒಂದೆರಡು ತಲೆಮಾರು ಹಿಂದಿನದನ್ನು ವಿಂಟೇಜ್ ಎಂದೂ ಕರೆಯುವುದು ಪಾಶ್ಚಾತ್ಯ ಮಾರುಕಟ್ಟೆಯ ರೂಢಿ. ನಮ್ಮ ಮನೆಗಳಲ್ಲಿ ಎರಡಕ್ಕೂ ಒಂದೇ ಮಾತು: ಅಜ್ಜಿ ಕಾಲದ್ದು. ಬೆಂಗಳೂರಿನ ಒಡವೆ ಅಂಗಡಿಗಳಲ್ಲಿ ‘ಆಂಟೀಕ್’ ಎಂಬ ಚೀಟಿ ಹಚ್ಚಿ ಮಾರುವುದು ಬಹುಪಾಲು ಕಳೆದ ತಿಂಗಳು ತಯಾರಾದ, ಮಾಸಲು ಬಣ್ಣ ಕೊಟ್ಟ ಹೊಸ ಸರಕು. ಅದು ಈ ಲೇಖನದ ವಿಷಯವಲ್ಲ.

ಈ ಒಡವೆಗಳ ಆಕರ್ಷಣೆಗೆ ಕಾರಣ ಕೇಳಿದರೆ ಸಂಕೇತಾರ್ಥದ ಪಟ್ಟಿಯೊಂದು ಸಿಗುತ್ತದೆ: ಹಾವು ಎಂದರೆ ಅಮರತ್ವ, ಸಿಂಹ ಎಂದರೆ ಶೌರ್ಯ, ಹಂಸ ಎಂದರೆ ವಿವೇಕ. ಪಟ್ಟಿ ಸುಳ್ಳಲ್ಲ, ಆದರೆ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ಒಂದೇ ಹಾವು ಒಂದು ಊರಿನಲ್ಲಿ ದೇವರು, ಇನ್ನೊಂದರಲ್ಲಿ ಪ್ರೇಮದ ಗುರುತು, ಮತ್ತೊಂದರಲ್ಲಿ ಬೈಗುಳ. ಮೂರೂ ಕಡೆ ಒಡವೆಯಾಗಿ ಬಾಳಿದೆ. ಅರ್ಥಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಚಿನ್ನದ ಸಹಜ ಗತಿ ಮೂಸೆಗೆ ಮರಳುವುದು. ಸರವೋ ಬಳೆಯೋ ಹಳತಾದರೆ ಕರಗಿಸಿ ಹೊಸದು ಮಾಡಿಸುತ್ತಾರೆ. ಮುಖವೂ ಕಣ್ಣೂ ಇರುವ ಒಡವೆಯನ್ನು ಹಾಗೆ ಮೂಸೆಗೆ ಹಾಕಲು ಕೈ ಸ್ವಲ್ಪ ಹಿಂಜರಿಯುತ್ತದೆ.

ಕರಗಿದ್ದು, ಉಳಿದದ್ದು

ಹಿಂಜರಿಯುತ್ತದೆ ಎಂದೆ, ಕರಗಿಸುವುದೇ ಇಲ್ಲ ಎನ್ನಲಿಲ್ಲ. 1653ರಲ್ಲಿ ಈಗಿನ ಬೆಲ್ಜಿಯಂನ ಟೂರ್ನೆ ಪಟ್ಟಣದಲ್ಲಿ ಐದನೆಯ ಶತಮಾನದ ಫ್ರಾಂಕ್ ದೊರೆ ಚೈಲ್ಡೆರಿಕ್‌ನ ಗೋರಿ ಸಿಕ್ಕಿತು. ಅದರಲ್ಲಿ ಚಿನ್ನದ ಮೈಗೆ ಕೆಂಪು ಗಾರ್ನೆಟ್ ರೆಕ್ಕೆ ಕೂರಿಸಿದ ಸುಮಾರು 300 ಜೇನುನೊಣಗಳಿದ್ದವು. 1804ರಲ್ಲಿ ಚಕ್ರವರ್ತಿಯಾದ ನೆಪೋಲಿಯನ್ ಬೂರ್ಬನ್ ಅರಸರ ಲಿಲ್ಲಿ ಹೂವಿನ ಬದಲಿಗೆ ಜೇನುನೊಣವನ್ನು ತನ್ನ ಲಾಂಛನವಾಗಿ ಆರಿಸಿಕೊಂಡದ್ದು ಇವುಗಳನ್ನು ನೋಡಿಯೇ. 1831ರಲ್ಲಿ ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯಕ್ಕೆ ಕನ್ನ ಹಾಕಿದ ಕಳ್ಳರು ಗೋರಿಯ ಚಿನ್ನವನ್ನೆಲ್ಲ ಹೊತ್ತು, ಹೆಚ್ಚಿನದನ್ನು ಕರಗಿಸಿದರು. ಇಂದು ಉಳಿದಿರುವ ಜೇನುನೊಣಗಳು ಎರಡು.

ಸೈಬೀರಿಯದ ದಿಬ್ಬಗೋರಿಗಳ ಪಾಡೂ ಅದೇ ಆಗಬೇಕಿತ್ತು. ಅಲೆಮಾರಿ ಕುದುರೆ ಸವಾರರು ಸತ್ತವರ ಜೊತೆ ಹೂಳಿದ್ದ ಚಿನ್ನವನ್ನು ಅಗೆದು ತೆಗೆದು ಗಟ್ಟಿ ಮಾಡಿ ಮಾರುವುದು ಹದಿನೇಳು, ಹದಿನೆಂಟನೆಯ ಶತಮಾನದಲ್ಲಿ ಅಲ್ಲಿ ಒಂದು ಕಸುಬೇ ಆಗಿತ್ತು. ಹುಲಿ ಕುದುರೆಯನ್ನು ಕಚ್ಚುವ, ಹದ್ದು ಮೃಗವನ್ನು ಹಿಡಿಯುವ ಚಿನ್ನದ ಪಟ್ಟಿಬಿಲ್ಲೆಗಳು 1710ರ ದಶಕದಲ್ಲಿ ರಷ್ಯದ ದೊರೆ ಮೊದಲನೆಯ ಪೀಟರ್‌ನ ಕೈ ಸೇರಿದವು. ಅಂಥವನ್ನು ಕರಗಿಸದೆ ತನಗೆ ತಲುಪಿಸಬೇಕೆಂದು ಅವನು ಆಜ್ಞೆ ಹೊರಡಿಸಿದ. ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್ ಮ್ಯೂಸಿಯಮ್ಮಿನಲ್ಲಿ ಈಗ ಜನ ಸಾಲುಗಟ್ಟಿ ನೋಡುವುದು ಹೀಗೆ ಮೂಸೆಯ ಬಾಯಿಂದ ತಪ್ಪಿಸಿಕೊಂಡು ಬಂದ ಪ್ರಾಣಿಗಳನ್ನು.

ನಮ್ಮ ನಾಡಿನದೇ ಉದಾಹರಣೆ ಇನ್ನೂ ಖಚಿತವಾಗಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪು ಸುಲ್ತಾನನ ಸಿಂಹಾಸನವನ್ನು ಕಂಪನಿಯ ಸೈನ್ಯದವರು ಒಡೆದರು. ಮರದ ಮೇಲೆ ಹೊದಿಸಿದ್ದ ಚಿನ್ನದ ತಗಡು ಚೂರುಚೂರಾಗಿ ಪಾಲಾಯಿತು. ತಗಡು ಹೋಯಿತು, ತಲೆಗಳು ಉಳಿದವು. ಮೆಟ್ಟಿಲ ಬಳಿಯ ದೊಡ್ಡ ಹುಲಿಯ ತಲೆ, ಛತ್ರದ ಮೇಲಿದ್ದ ಹರಳುಮೈಯ ಹುಮಾ ಪಕ್ಷಿ ಇಂಗ್ಲೆಂಡಿನ ಅರಮನೆ ಸೇರಿದವು. ಕಟಾಂಜನದ ಮೇಲಿದ್ದ ಎಂಟು ಚಿಕ್ಕ ಹುಲಿ ತಲೆಗಳಲ್ಲಿ ಒಂದು ವೇಲ್ಸಿನ ಪೋವಿಸ್ ಕೋಟೆಯಲ್ಲಿದೆ. ಇನ್ನೊಂದು ದೇಶ ಬಿಟ್ಟು ಹೋಗದಂತೆ 2021ರಲ್ಲಿ ಬ್ರಿಟಿಷ್ ಸರ್ಕಾರ ತಾತ್ಕಾಲಿಕ ತಡೆ ಹಾಕಿತು. ಆಗ ಅದಕ್ಕೆ ಕಟ್ಟಿದ ಬೆಲೆ 15 ಲಕ್ಷ ಪೌಂಡ್. ಇವು ಮೈಮೇಲೆ ತೊಡುವ ಒಡವೆಗಳಲ್ಲ, ನಿಜ. ಆದರೆ ಮಾಣಿಕ್ಯ, ವಜ್ರ, ಪಚ್ಚೆ ಕೂರಿಸಿದ ಆ ತಲೆಗಳ ಕೆಲಸ ಅಕ್ಕಸಾಲಿಗನದೇ. ತಗಡಿನ ಗತಿಯನ್ನೂ ತಲೆಗಳ ಗತಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಹೇಳಬೇಕಾದ್ದು ತಾನೇ ಕಾಣುತ್ತದೆ.

ಬಹು ಹಿಂದಿನವು

ಈಜಿಪ್ಟಿನ ರಾಣಿ ಅಹ್‌ಹೊಟೆಪ್‌ಳ ಸಮಾಧಿಯಲ್ಲಿ, ಅಂದರೆ ಕ್ರಿ.ಪೂ. 1550ರ ಆಸುಪಾಸಿನದರಲ್ಲಿ, ಸರಪಳಿಗೆ ತೂಗುಬಿಟ್ಟ ಮೂರು ದೊಡ್ಡ ಚಿನ್ನದ ನೊಣಗಳು ಸಿಕ್ಕವು. ನೊಣ ಅಲ್ಲಿ ಯುದ್ಧದ ಬಿರುದು. ಓಡಿಸಿದಷ್ಟೂ ಮತ್ತೆ ಬಂದು ಕೂರುವ ಛಲವನ್ನು ಅವರು ಮೆಚ್ಚಿದರು. ನಮ್ಮಲ್ಲಿ ಯಾರಿಗಾದರೂ ನೊಣದ ಪದಕ ಕೊಟ್ಟರೆ ಜಗಳವಾದೀತು. ಸಗಣಿ ಉರುಳಿಸುವ ಜೀರುಂಡೆಯನ್ನು ಅದೇ ಜನ ಸೂರ್ಯನ ರೂಪವೆಂದು ನೀಲಿ, ಹಸಿರು ಕಲ್ಲುಗಳಲ್ಲಿ ಕೆತ್ತಿ ಉಂಗುರಕ್ಕೆ ಹಾಕಿಕೊಂಡರು. 1922ರಲ್ಲಿ ತೆರೆದ ಟುಟಾಂಖಾಮನ್‌ನ ಸಮಾಧಿಯ ಎದೆಪದಕವೊಂದರಲ್ಲಿ ಜೀರುಂಡೆಯ ಮೈ ಲಿಬಿಯಾ ಮರುಭೂಮಿಯಲ್ಲಿ ಸಿಗುವ ತಿಳಿಹಳದಿ ನೈಸರ್ಗಿಕ ಗಾಜಿನದು.

ಕ್ರೀಟ್ ದ್ವೀಪದ ಮಾಲಿಯಾದಲ್ಲಿ ಸಿಕ್ಕ, ಕ್ರಿ.ಪೂ. 1800 ಮತ್ತು 1650ರ ನಡುವಿನದೆನ್ನುವ ಪದಕ ಸುಮಾರು ಐದು ಸೆಂಟಿಮೀಟರಿನದು. ಎರಡು ಜೇನುನೊಣಗಳು (ಕಣಜ ಎನ್ನುವವರೂ ಇದ್ದಾರೆ) ಎದುರುಬದುರು ನಿಂತು, ಒಂದು ದುಂಡು ಎರಿಯನ್ನು ಕಾಲಿನಿಂದ ಹಿಡಿದು, ಒಂದು ತೊಟ್ಟು ಜೇನನ್ನು ನಡುವೆ ಇಟ್ಟುಕೊಂಡಿವೆ. ಎರಿಯ ಮೇಲೆಲ್ಲ ಸಣ್ಣ ರವೆಯಂಥ ಚಿನ್ನದ ಕಾಳುಗಳು. ಒಂದೊಂದನ್ನೂ ಕರಗಿ ಹರಿದುಹೋಗದ ಹಾಗೆ ಬೆಸೆದಿದ್ದಾರೆ. ಬೆಂಕಿ ಒಂದು ಕ್ಷಣ ಹೆಚ್ಚಾದರೂ ಕಾಳೆಲ್ಲ ಸೇರಿ ಮುದ್ದೆಯಾಗುತ್ತಿತ್ತು. ಉಷ್ಣಮಾಪಕವಿಲ್ಲದೆ, ಊದುಗೊಳವೆ ಹಿಡಿದು, ಜ್ವಾಲೆಯ ಬಣ್ಣ ನೋಡಿ ಮಾಡಿದ ಕೆಲಸವದು.

ಉಕ್ರೇನಿನ ಟೋವ್‌ಸ್ಟಾ ಮೊಹಿಲಾ ದಿಬ್ಬದಲ್ಲಿ 1971ರಲ್ಲಿ ಸಿಕ್ಕ ಶಕರ ಎದೆಹಾರ ಇದಕ್ಕೆ ತೀರ ಎದುರು: ಒಂದು ಕಿಲೋಗೂ ಮಿಕ್ಕ ಚಿನ್ನ, ಸುಮಾರು 30 ಸೆಂಟಿಮೀಟರ್ ಅಗಲ. ಕೆಳಸಾಲಿನಲ್ಲಿ ಗ್ರಿಫಿನ್‌ಗಳು ಕುದುರೆಗಳನ್ನು ಸೀಳುತ್ತಿವೆ. ಮೇಲುಸಾಲಿನಲ್ಲಿ ಕುದುರೆಮರಿ, ಕರು ಹಾಲು ಕುಡಿಯುತ್ತಿವೆ, ಮನುಷ್ಯನೊಬ್ಬ ಕುರಿ ಕರೆಯುತ್ತಿದ್ದಾನೆ. ಕೊನೆಯ ಮೂಲೆಯಲ್ಲಿ ಯಾರೂ ಗಮನಿಸದ ಜಾಗದಲ್ಲಿ ಮಿಡತೆಗಳು. ದೊರೆಗೆ ಮಿಡತೆ ಬೇಕಿರಲಿಲ್ಲ, ಕೆಲಸಗಾರನಿಗೆ ಬೇಕಿತ್ತು ಎಂದೇ ತೋರುತ್ತದೆ. ಮಧ್ಯ ಏಷ್ಯದ ಆಕ್ಸಸ್ ನದಿಯ ಬಳಿ ಸಿಕ್ಕ ನಿಧಿಯ ಪರ್ಷಿಯನ್ ತೋಳುಬಂದಿಗಳೂ ಇದೇ ದರ್ಜೆಯವು. ಕೊಂಬಿರುವ ಎರಡು ಗ್ರಿಫಿನ್‌ಗಳು ಮುಖಾಮುಖಿಯಾಗಿವೆ, ಮೈತುಂಬ ಹರಳು ಕೂರಿಸಲು ಕೊರೆದ ಗುಳಿಗಳು. ಹರಳುಗಳೆಲ್ಲ ಉದುರಿ ಗುಳಿಗಳು ಬರಿದಾಗಿದ್ದರೂ ಪ್ರಾಣಿ ಮಾತ್ರ ಸೊರಗಿಲ್ಲ.

ಭಾರತ ಮತ್ತು ಕರ್ನಾಟಕ

ಭಾರತದ ಹಳೆಯ ಚಿನ್ನದ ಒಡವೆ ಉಳಿದಿರುವುದು ಬಹಳ ಕಡಿಮೆ, ಕಾರಣ ಮೇಲೆ ಹೇಳಿದ ಮೂಸೆಯೇ. ಸತ್ತವರ ಜೊತೆ ಚಿನ್ನ ಹೂಳುವ ಪದ್ಧತಿ ನಮ್ಮಲ್ಲಿ ಸಾಮಾನ್ಯವಾಗಿರಲಿಲ್ಲ, ಆದ್ದರಿಂದ ಗೋರಿಗಳೂ ಕಾಪಾಡಲಿಲ್ಲ. ಹಾಗಿದ್ದೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಕ್ರಿ.ಪೂ. ಒಂದನೆಯ ಶತಮಾನದ ಒಂದು ಜೊತೆ ಕಿವಿಯೋಲೆ ಇದೆ. ಬಹುಶಃ ಆಂಧ್ರದ್ದು. ರೆಕ್ಕೆಯ ಸಿಂಹವೂ ಆನೆಯೂ ಅದರಲ್ಲಿ ಒಟ್ಟಿಗಿವೆ. ಬರಿಗಣ್ಣಿಗೆ ಕಷ್ಟಪಟ್ಟು ಕಾಣುವ ಕಾಳುಗಳಿಂದ ಆನೆಯ ಮೈಯನ್ನು ತುಂಬಿದ್ದಾರೆ. ಹಿಗ್ಗಿಸಿದ ಕಿವಿಹಾಲೆಗೆ ಮಾತ್ರ ಒಗ್ಗುವ ಗಾತ್ರ.

ಲೋಹದಲ್ಲಿ ಕಳೆದುಹೋದದ್ದು ಕಲ್ಲಿನಲ್ಲಿ ಉಳಿದಿದೆ. ಬೇಲೂರು, ಹಳೇಬೀಡಿನ ಹೊಯ್ಸಳ ಶಿಲ್ಪಗಳ ಕಿವಿ, ತೋಳು, ಕೊರಳುಗಳನ್ನು ನೋಡುತ್ತ ಹೋದರೆ ಅಂದಿನ ಅಕ್ಕಸಾಲಿಗರ ಅಂಗಡಿ ಸುತ್ತಿ ಬಂದಂತಾಗುತ್ತದೆ. ಮಕರಕುಂಡಲ ವಿಷ್ಣುವಿನ ಕಿವಿಯ ಗುರುತಾಗಿ ಊರೂರ ವಿಗ್ರಹಗಳಲ್ಲಿದೆ. ಮಕರ ಎಂದರೆ ಮೊಸಳೆಯ ಬಾಯಿ, ಆನೆಯ ಸೊಂಡಿಲು, ಮೀನಿನ ಬಾಲ ಕೂಡಿದ ಜಲಚರ. ದೇವಸ್ಥಾನದ ತೋರಣದಲ್ಲಿ ಅದು ಬಾಯಿ ತೆರೆದರೆ ಬಳ್ಳಿ ಹೊರಡುತ್ತದೆ, ಕಡಗದಲ್ಲಿ ಬಾಯಿ ತೆರೆದರೆ ಇನ್ನೊಂದು ಮಕರದ ಮೂತಿ ಎದುರಾಗುತ್ತದೆ.

ಅಂಥ ಕಡಗವೊಂದನ್ನು ಕೈಯಲ್ಲಿ ಹಿಡಿದು ನೋಡಬೇಕು. ಕಣ್ಣಿಗೆ ಭಾರವಾಗಿ ಕಂಡದ್ದು ಕೈಗೆ ಹಗುರ. ಒಳಗೆ ಪೊಳ್ಳು, ಪೊಳ್ಳಿಗೆ ಅರಗು ತುಂಬಿದೆ. ಎರಡು ಮೂತಿಗಳ ನಡುವೆ ತಿರುಪಿನ ಮೊಳೆ. ಅದನ್ನು ಎಡಕ್ಕೆ ತಿರುಗಿಸಿ ಎಳೆದರೆ ಒಂದು ತಲೆ ಕೀಲಿನ ಮೇಲೆ ಹೊರಳಿ ಬಾಗಿಲಿನಂತೆ ತೆರೆಯುತ್ತದೆ. ಕತ್ತಿನ ಸುತ್ತ ಉಬ್ಬುಕೆಲಸದ ಹುರುಪೆ, ಹುಬ್ಬಿನ ಮೇಲೆ ಕೆಂಪಿನ ಸಾಲು. ಕಲ್ಲುಗಳ ಹಿಂಬದಿ ಮುಚ್ಚಿದ್ದು, ಅಡಿಯಲ್ಲಿ ಹೊಳಪಿಗಾಗಿ ತೆಳುಹಾಳೆ ಇಟ್ಟಿರುತ್ತಾರೆ. ಸ್ನಾನದ ನೀರು ಒಳಗಿಳಿದರೆ ಹಾಳೆ ಕಪ್ಪಾಗಿ ಕೆಂಪು ಮಂಕಾಗುತ್ತದೆ. ಮದುವೆ ಮನೆಯಿಂದ ಬಂದ ಕೂಡಲೇ ಕಳಚಿ ಇಡು ಎಂದು ಹಿರಿಯರು ಗದರುತ್ತಿದ್ದುದು ಇದಕ್ಕೇ. ಜೈಪುರದ ಕಡಗಗಳಲ್ಲಿ ಇದೇ ಮಕರ, ಆನೆ ತಲೆಗಳಿಗೆ ಮೀನಾಕಾರಿಯ ಹಸಿರು, ಕೆಂಪು, ಬಿಳಿ ಬಣ್ಣ ಇರುತ್ತದೆ. ದಕ್ಷಿಣದಲ್ಲಿ ಬಣ್ಣದ ಕೆಲಸ ಕಲ್ಲಿನದೇ.

ಹಾವು ಕನ್ನಡದ ಮೈಮೇಲೆ ಎಲ್ಲೆಲ್ಲೂ ಇದೆ. ತಲೆಯಿಂದ ಜಡೆಯುದ್ದಕ್ಕೂ ಇಳಿಯುವ ಜಡೆನಾಗರ, ತೋಳಿಗೆ ಸುತ್ತುವ ನಾಗಮುರಿಗೆ. ಕೊಡಗಿನ ಹೆಣ್ಣುಮಕ್ಕಳ ಕೊಕ್ಕೆತಾತಿಯಲ್ಲಿ ಅರ್ಧಚಂದ್ರಾಕಾರದ ಪದಕದ ಮೇಲೆ ಹೆಡೆ, ಮೈಗೆ ಕೆಂಪು, ಅಂಚಿಗೆ ಸಣ್ಣ ಮುತ್ತು. ಹುತ್ತಕ್ಕೆ ಹಾಲೆರೆಯುವವರಿಗೂ ಇದು ಭಯದ ಪ್ರಾಣಿಯೇ. ಭಯವನ್ನೇ ಪಳಗಿಸಿ ಜಡೆಗೆ ಮುಡಿದದ್ದು ಇಲ್ಲಿನ ಚಮತ್ಕಾರ. ಗಂಡಭೇರುಂಡದ್ದು ಬೇರೆ ದಾರಿ. ಕೆಳದಿಯ ರಾಮೇಶ್ವರ ಗುಡಿಯ ಒಳಮಾಳಿಗೆಯಲ್ಲಿ, ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯಗಳ ಮೇಲೆ, ಮೈಸೂರು ಅರಸರ ಲಾಂಛನದಲ್ಲಿ, ಈಗ ಕರ್ನಾಟಕ ಸರ್ಕಾರದ ಮುದ್ರೆಯಲ್ಲಿ ನಿಂತಿರುವ ಈ ಎರಡು ತಲೆಯ ಹಕ್ಕಿ ಒಡವೆಯಾಗಿ ತೊಟ್ಟವರ ಅಧಿಕಾರವನ್ನೂ ಸಾರುತ್ತಿತ್ತು. ಆ ನಾಣ್ಯಕ್ಕೆ ವರಾಹ ಎಂದೇ ಹೆಸರಿರುವುದನ್ನು, ಅಂದರೆ ಚಿನ್ನ ಎಣಿಸುವ ಮಾತಿನಲ್ಲೇ ಒಂದು ಹಂದಿ ಸೇರಿಕೊಂಡಿರುವುದನ್ನು ನಾವು ಮರೆತೇಬಿಟ್ಟಿದ್ದೇವೆ.

ಹತ್ತೊಂಬತ್ತನೆಯ ಶತಮಾನದ ಯುರೋಪು

1839ರಲ್ಲಿ ವಿಕ್ಟೋರಿಯಾ ರಾಣಿಗೆ ಆಲ್ಬರ್ಟ್ ತೊಡಿಸಿದ ನಿಶ್ಚಿತಾರ್ಥದ ಉಂಗುರ ಪಚ್ಚೆ ಕೂಡಿಸಿದ ಹಾವು. ಬಾಲ ಬಾಯಿಗೆ ಸೇರಿದ ಹಾವಿಗೆ ಮೊದಲೂ ಇಲ್ಲ ಕೊನೆಯೂ ಇಲ್ಲ ಎಂಬ ಭಾವದಿಂದ ಅಲ್ಲಿ ಅದು ಮುಗಿಯದ ಪ್ರೀತಿಯ ಗುರುತಾಯಿತು. ನಂತರದ ದಶಕಗಳಲ್ಲಿ ಹಾವಿನ ಹಾರ, ಬಳೆಗಳು ಮಧ್ಯಮವರ್ಗದ ಮನೆಗಳಿಗೂ ಇಳಿದವು. ಆಮೇಲೆ ಹುಳುಗಳ ಸರದಿ. ನೊಣ, ಜೇಡ, ಜೀರುಂಡೆಗಳನ್ನು ವಜ್ರ, ಮಾಣಿಕ್ಯಗಳಲ್ಲಿ ಮಾಡಿ ಮುಸುಕಿಗೂ ಟೋಪಿಗೂ ಚುಚ್ಚಿಕೊಂಡರು. ನಿಜವಾದ ಜೀರುಂಡೆಯ ಹಸಿರು ರೆಕ್ಕೆಗೇ ಚಿನ್ನದ ಕಟ್ಟು ಹಾಕಿದ್ದೂ ಉಂಟು.

ಇದೇ ಕಾಲದಲ್ಲಿ ಭಾರತದಿಂದ ಹುಲಿಯುಗುರಿನ ಒಡವೆಗಳೂ ಇಂಗ್ಲೆಂಡಿಗೆ ಹೋದವು. 1875-76ರಲ್ಲಿ ವೇಲ್ಸಿನ ರಾಜಕುಮಾರ ಇಲ್ಲಿ ಪ್ರವಾಸ ಮಾಡಿ ಮರಳಿದ ಮೇಲೆ ಚಿನ್ನದ ಕಟ್ಟಿನ ಉಗುರಿನ ಬ್ರೂಚು, ಹಾರಗಳ ಗೀಳು ಹೆಚ್ಚಿತು. ಹುಲಿಯ ರೂಪವಲ್ಲ, ಹುಲಿಯೇ. ಪ್ರಾಣಿಯನ್ನು ನೋಡಿ ಮಾಡುವುದಕ್ಕೂ ಕೊಂದು ಕಟ್ಟಿಸುವುದಕ್ಕೂ ಇರುವ ಅಂತರ ಆ ಕಾಲಕ್ಕೆ ಅಷ್ಟಾಗಿ ಕಾಣಲಿಲ್ಲ. ಅದರ ಬಾಲ ನಮ್ಮ ಕಾಲದವರೆಗೂ ಚಾಚಿದ್ದನ್ನು ಮುಂದೆ ನೋಡೋಣ.

ರೆನೆ ಲಾಲಿಕ್ ಎಂಬ ಫ್ರೆಂಚ್ ಕಲಾವಿದ ಈ ಗೀಳನ್ನೆಲ್ಲ ಒಂದೇ ಏಟಿಗೆ ಹಳತಾಗಿಸಿದ. 1897-98ರ ಸುಮಾರಿಗೆ ಅವನು ಮಾಡಿದ ಡ್ರ್ಯಾಗನ್‌ಫ್ಲೈ ಹೆಣ್ಣು, ಅಂದರೆ ಏರೋಪ್ಲೇನ್ ಚಿಟ್ಟೆಯ ಬಾಯಿಂದ ಹೊರಬರುತ್ತಿರುವ ಹಸಿರು ಕಲ್ಲಿನ ಹೆಣ್ಣು, ಈಗ ಲಿಸ್ಬನ್ನಿನ ಗುಲ್ಬೆಂಕಿಯನ್ ಮ್ಯೂಸಿಯಮ್ಮಿನಲ್ಲಿದೆ. ಅಗಲ ಒಂದು ಗೇಣಿಗೂ ಹೆಚ್ಚು. ರೆಕ್ಕೆಗಳಿಗೆ ಹಿಂಬದಿಯಿಲ್ಲದ, ಬೆಳಕು ತೂರುವ ಎನಾಮಲ್. ಅಂದರೆ ಬಣ್ಣದ ಗಾಜನ್ನು ಚಿನ್ನದ ಎಳೆಗಳ ನಡುವೆ ತುಂಬಿ, ಸುಟ್ಟು, ಅಡಿಯ ಆಸರೆಯನ್ನು ತೆಗೆದದ್ದು. ಬೆಲೆಬಾಳುವ ಕಲ್ಲಿಗಿಂತ ಗಾಜಿಗೆ, ಕೊಂಬಿಗೆ, ಕೆಲಸಕ್ಕೆ ಹೆಚ್ಚು ಮಾನ ಕೊಟ್ಟವನು ಲಾಲಿಕ್. ಈ ಹುಳು ಮಾತ್ರ ಸುಂದರವೋ ಭೀಕರವೋ ಹೇಳುವುದು ಕಷ್ಟ. ಉಗುರು ಚಾಚಿದ ಅದರ ಕಾಲುಗಳನ್ನು ಎದೆಯ ಮೇಲೆ ಹೊತ್ತು ಊಟಕ್ಕೆ ಕೂರುವ ಧೈರ್ಯ ಎಲ್ಲರಿಗೂ ಬರಲಾರದು.

ಹಳತಕ್ಕೆ ಬೇಡಿಕೆ ಏರಿದಲ್ಲಿ ನಕಲಿಯೂ ಹುಟ್ಟುತ್ತದೆ. ಸೊಟ್ಟ ಮುತ್ತಿನ ಆಕಾರ ನೋಡಿ ಅದನ್ನೇ ಸಿಂಹದ ಎದೆಯೋ ಹಂಸದ ಹೊಟ್ಟೆಯೋ ಮಾಡಿದ ಪದಕಗಳು ಹದಿನಾರನೆಯ ಶತಮಾನದ ಯುರೋಪಿನ ಹೆಮ್ಮೆ. ಅಂಥ ಎಷ್ಟೋ ಒಡವೆಗಳನ್ನು ಜರ್ಮನಿಯ ಆಖೆನ್ ಊರಿನ ರೈನ್‌ಹೋಲ್ಡ್ ವಾಸ್ಟರ್ಸ್ ಎಂಬ ಅಕ್ಕಸಾಲಿಗ ಹತ್ತೊಂಬತ್ತನೆಯ ಶತಮಾನದಲ್ಲಿ ಮಾಡಿದ್ದೆಂದು 1970ರ ದಶಕದ ಕೊನೆಗೆ ಗೊತ್ತಾಯಿತು. ಅವನ ನಕ್ಷೆಗಳು ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲೇ 1919ರಿಂದ ಬಿದ್ದಿದ್ದವು, ಯಾರೂ ಹೋಲಿಸಿ ನೋಡಿರಲಿಲ್ಲ. ಭಾರತದಲ್ಲಿ ಗವರ್ನರ್ ಜನರಲ್ ಆಗಿದ್ದ ಕ್ಯಾನಿಂಗ್ ಇಲ್ಲಿ ಕೊಂಡು ಒಯ್ದ, ಸೊಟ್ಟ ಮುತ್ತಿನ ಎದೆಯ ಮತ್ಸ್ಯಪುರುಷನ ಪದಕವೂ ಅದೇ ಮ್ಯೂಸಿಯಮ್ಮಿನಲ್ಲಿದೆ. ಬಹುಕಾಲ ಅದನ್ನು ಹದಿನಾರನೆಯ ಶತಮಾನದ್ದು ಎಂದುಕೊಂಡಿದ್ದರು, ಈಗ 1850ರ ಸುಮಾರಿನದು ಎನ್ನುತ್ತಾರೆ.

ಚಿರತೆ

ಇಪ್ಪತ್ತನೆಯ ಶತಮಾನದ ಪ್ರಾಣಿ ಒಡವೆ ಎಂದರೆ ಮೊದಲು ಕಣ್ಣ ಮುಂದೆ ನಿಲ್ಲುವುದು ಪ್ಯಾರಿಸ್ಸಿನ ಕಾರ್ಟಿಯೆ ಮನೆತನದ ಚಿರತೆ. ಅದು ಒಮ್ಮೆಗೇ ನೆಗೆದು ಬರಲಿಲ್ಲ. 1914ರಲ್ಲಿ ಮೊದಲು ಕಂಡದ್ದು ಬರಿಯ ಮಚ್ಚೆ: ಹೆಂಗಸರ ಕೈಗಡಿಯಾರವೊಂದರ ಮೇಲೆ ವಜ್ರದ ಹಾಸಿನಲ್ಲಿ ಚೆದುರಿದ ಕಪ್ಪು ಆನಿಕ್ಸ್. 1917ರಲ್ಲಿ ಎರಡು ಸೈಪ್ರೆಸ್ ಮರಗಳ ನಡುವೆ ನಡೆಯುವ ಚಿರತೆಯ ಚಿತ್ರವಿದ್ದ ಒಂದು ಪ್ರಸಾಧನ ಡಬ್ಬಿ. ಲೂಯಿ ಕಾರ್ಟಿಯೆ ಅದನ್ನು ಉಡುಗೊರೆ ಕೊಟ್ಟದ್ದು ಜಾನ್ ಟೂಸಾಂಗೆ. ಬೆಲ್ಜಿಯಂನ ಶಾರ್ಲೆರ್ವಾದಲ್ಲಿ 1887ರಲ್ಲಿ ಹುಟ್ಟಿದ ಈಕೆಗೆ ಅವನು ಇಟ್ಟ ಅಡ್ಡಹೆಸರೇ ಚಿರತೆ. 1933ರಲ್ಲಿ ಆಕೆ ಆ ಸಂಸ್ಥೆಯ ದೊಡ್ಡ ಒಡವೆಗಳ ಮುಖ್ಯಸ್ಥೆಯಾದಳು. ಕುಂಚ ಹಿಡಿದು ನಕ್ಷೆ ಬರೆಯುವ ಕೈ ಅವಳದಲ್ಲ, ಆದರೆ ಯಾವುದು ಸರಿ ಯಾವುದು ಸರಿಯಲ್ಲ ಎಂದು ಹೇಳುವ ಕಣ್ಣಿತ್ತು. ಚಿತ್ರ ಬರೆದವನು ಪೀಟರ್ ಲೆಮಾರ್ಶಾಂ, ವಿನ್ಸೆನ್ ಮೃಗಾಲಯಕ್ಕೆ ಹೋಗಿ ಪ್ರಾಣಿಗಳ ಮುಂದೆ ಕುಳಿತು ಬರೆಯುತ್ತಿದ್ದವನು.

ಜರ್ಮನರು ಪ್ಯಾರಿಸ್ ಹಿಡಿದಿದ್ದಾಗ, 1942ರಲ್ಲಿ, ಟೂಸಾಂಳ ಕೈಕೆಳಗೆ ಪಂಜರದ ಹಕ್ಕಿಯ ಬ್ರೂಚ್ ತಯಾರಾಯಿತು. ನಗರ ಬಿಡುಗಡೆಯಾದ 1944ರಲ್ಲಿ ಅದೇ ಪಂಜರದ ಬಾಗಿಲು ತೆರೆದು, ಹವಳ, ನೀಲಿ ಲ್ಯಾಪಿಸ್ ಮೈಯ ಹಕ್ಕಿ ರೆಕ್ಕೆ ಬಿಚ್ಚಿ ಹಾಡುತ್ತಿತ್ತು. ಪ್ರಾಣಿಯೊಂದರ ಬಾಯಿಂದ ಮಾತನಾಡುವುದು ಪಂಚತಂತ್ರದಷ್ಟು ಹಳೆಯ ಉಪಾಯ, ಒಡವೆಗೂ ಅದು ಒಗ್ಗಿತು.

ಚಿರತೆ ಪೂರ್ಣ ದೇಹ ತಳೆದದ್ದು ಇಂಗ್ಲೆಂಡಿನ ಸಿಂಹಾಸನ ಬಿಟ್ಟಿದ್ದ ವಿಂಡ್ಸರ್ ಡ್ಯೂಕ್ ಮತ್ತು ಅವನ ಹೆಂಡತಿ ವಾಲಿಸ್‌ಗಾಗಿ. 1948ರ ಬ್ರೂಚಿನಲ್ಲಿ ಚಿನ್ನದ ಮೈ, ಕಪ್ಪು ಎನಾಮಲ್ ಮಚ್ಚೆ, ಕಾಲಡಿಗೆ 116.74 ಕ್ಯಾರಟ್ಟಿನ ಪಚ್ಚೆ. ಮರುವರ್ಷದ್ದರಲ್ಲಿ ವಜ್ರದ ಮೈಗೆ ನೀಲದ ಮಚ್ಚೆ, ಕುಳಿತದ್ದು 152.35 ಕ್ಯಾರಟ್ಟಿನ ಕಾಶ್ಮೀರ ನೀಲದ ದುಂಡು ಗುಡ್ಡದ ಮೇಲೆ. ಅಷ್ಟು ದೊಡ್ಡ ಕಲ್ಲನ್ನು ಬೇರೆ ಯಾರಾದರೂ ನಡುವೆ ಇಟ್ಟು ಸುತ್ತ ವಜ್ರ ಕಟ್ಟಿ ಮೆರೆಸುತ್ತಿದ್ದರು. ಇಲ್ಲಿ ಅದು ಪ್ರಾಣಿ ಕೂರುವ ಬಂಡೆ, ಅಷ್ಟೇ. 1952ರ ಕೈಕಡಗದ ಚಿರತೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಮೈಯೆಲ್ಲ ಕೀಲುಗಳು, ಮಣಿಕಟ್ಟಿಗೆ ಹಾಕಿದರೆ ಬೆಕ್ಕಿನಂತೆ ಬಳುಕಿ ತಬ್ಬಿಕೊಳ್ಳುತ್ತದೆ. ಆನಿಕ್ಸ್ ಮತ್ತು ವಜ್ರಗಳ ನಡುವೆ ತಂತಿಯಂಥ ಸಣ್ಣ ಲೋಹದ ಎಳೆಗಳನ್ನು ಕಲ್ಲಿನ ಮೇಲೆ ಮಡಿಸಿ ಕೂರಿಸಿರುವುದರಿಂದ ಮೈಮೇಲೆ ರೋಮವಿದ್ದಂತೆ ಕಾಣುತ್ತದೆ. ಆ ಬಗೆಯ ಕಟ್ಟಿಗೆ ಅವರಲ್ಲಿ ತುಪ್ಪಳಕಟ್ಟು ಎಂಬರ್ಥದ ಹೆಸರೇ ಇದೆ. ಕಣ್ಣುಗಳು ಪಚ್ಚೆ. ಬೇಟೆಯ ಮುಂಚಿನ ಕ್ಷಣದಲ್ಲಿ ಚಿರತೆ ತಲೆಯನ್ನು ಹೆಗಲಿಗಿಂತ ತುಸು ತಗ್ಗಿಸುತ್ತದಲ್ಲ, ಆ ತಗ್ಗು ಕೂಡ ಇದೆ. ಮೃಗಾಲಯದಲ್ಲಿ ಕಳೆದ ಗಂಟೆಗಳು ವ್ಯರ್ಥವಾಗಿಲ್ಲ.

ವಾಲಿಸ್ ತೀರಿಕೊಂಡ ಮರುವರ್ಷ, 1987ರ ಏಪ್ರಿಲ್‌ನಲ್ಲಿ, ಜಿನೀವಾದಲ್ಲಿ ಸಾದಬೀಸ್ ಸಂಸ್ಥೆ ಅವಳ ಒಡವೆಗಳನ್ನು ಹರಾಜು ಹಾಕಿತು. ಸುಮಾರು ಐದು ಕೋಟಿ ಡಾಲರ್ ಬಂತು, ಹಣ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಗೆ ಸಂದಿತು. ನೀಲದ ಚಿರತೆಯನ್ನು ಕಾರ್ಟಿಯೆ ತಾನೇ ಮರಳಿ ಕೊಂಡಿತು. ಕೈಕಡಗದ ಚಿರತೆ 2010ರಲ್ಲಿ ಲಂಡನ್ನಿನಲ್ಲಿ ಮತ್ತೆ ಹರಾಜಿಗೆ ಬಂದಾಗ 45 ಲಕ್ಷ ಪೌಂಡಿಗೂ ಹೆಚ್ಚಿಗೆ ಹೋಯಿತು. ಅದರ ಜೊತೆ ಮಾರಾಟವಾದ 1940ರ ಫ್ಲೆಮಿಂಗೊ ಬ್ರೂಚಿನದು ಬೇರೆಯೇ ಸ್ವಾರಸ್ಯ: ಅದರ ಗರಿಯ ಮಾಣಿಕ್ಯ, ಪಚ್ಚೆ, ನೀಲಗಳನ್ನು ಡ್ಯೂಕ್ ತನ್ನಲ್ಲಿದ್ದ ಹಳೆಯ ಒಡವೆಗಳನ್ನು ಬಿಚ್ಚಿಸಿ ಕೊಟ್ಟಿದ್ದ. ಮುಖವಿಲ್ಲದ ಹಾರ, ಕಡಗಗಳು ಕಳಚಿಹೋದವು. ಅವುಗಳಿಂದ ಹುಟ್ಟಿದ ಹಕ್ಕಿಯನ್ನು ಬಿಚ್ಚಿಸಲು ಆಮೇಲೆ ಯಾರೂ ಮುಂದಾಗಲಿಲ್ಲ.

ಕಾರ್ಟಿಯೆಗೂ ಭಾರತಕ್ಕೂ ಕೊಡುಕೊಳ್ಳು ಹಳೆಯದು. 1920ರ ದಶಕದಲ್ಲಿ ಅವರು ಮಾಡಿದ, ಎರಡು ವಿಚಿತ್ರಮೃಗಗಳ ತಲೆ ಎದುರಾಗುವ ಹವಳದ ಬಳೆಗಳಲ್ಲಿ ನಮ್ಮ ಮಕರಮುಖದ ಕಡಗದ ಜಾಡು ಸ್ಪಷ್ಟ. ಅದೇ ಮನೆತನದಿಂದ ಮೆಕ್ಸಿಕೊ ನಟಿ ಮರಿಯಾ ಫೆಲಿಕ್ಸ್ 1968ರಲ್ಲಿ 2,473 ವಜ್ರಗಳ ಹಾವಿನ ಹಾರವನ್ನೂ 1975ರಲ್ಲಿ ಎರಡು ಮೊಸಳೆಗಳ ಹಾರವನ್ನೂ ಮಾಡಿಸಿದಳು. ಒಂದು ಮೊಸಳೆಗೆ 1,023 ಹಳದಿ ವಜ್ರ, ಇನ್ನೊಂದಕ್ಕೆ 1,060 ಪಚ್ಚೆ. ಮಾದರಿಗೆಂದು ಆಕೆ ಜೀವಂತ ಮರಿಮೊಸಳೆಯನ್ನೇ ಅಂಗಡಿಗೆ ತಂದಿದ್ದಳು ಎಂಬ ಕಥೆಯನ್ನು ಕಾರ್ಟಿಯೆಯವರೇ ಹೇಳಿಕೊಂಡು ಬಂದಿದ್ದಾರೆ.

ಮಿಕ್ಕ ಹೆಸರುಗಳು

ರೋಮಿನ ಬುಲ್ಗರಿ 1940ರ ದಶಕದ ಕೊನೆಯಿಂದ ಹಾವಿನ ಕೈಗಡಿಯಾರಗಳನ್ನು ಮಾಡಿತು. ಮೈಗೆ ಟ್ಯೂಬೊಗಾಸ್, ಅಂದರೆ ಗ್ಯಾಸ್ ಪೈಪಿನ ಹೆಸರಿನ ತಂತ್ರ: ಚಿನ್ನದ ಉದ್ದ ಪಟ್ಟಿಗಳನ್ನು ಬೆಸುಗೆಯಿಲ್ಲದೆ ಒಂದಕ್ಕೊಂದು ಸಿಕ್ಕಿಸಿ ಸುತ್ತಿ, ಆಮೇಲೆ ಒಳಗಿನ ತಿರುಳನ್ನು ತೆಗೆಯುವುದು. ‘ಕ್ಲಿಯೋಪಾತ್ರ’ ಚಿತ್ರೀಕರಣಕ್ಕೆ ರೋಮಿನಲ್ಲಿದ್ದ ಎಲಿಜಬೆತ್ ಟೇಲರ್ 1962ರಲ್ಲಿ ಅಂಥದೊಂದನ್ನು ತೊಟ್ಟು ಫೋಟೊ ತೆಗೆಸಿಕೊಂಡದ್ದು ಕಂಪನಿಯ ಪಾಲಿಗೆ ಜಾಹೀರಾತಿಗಿಂತ ಹೆಚ್ಚಾಯಿತು. ನ್ಯೂಯಾರ್ಕಿನ ಡೇವಿಡ್ ವೆಬ್‌ನ ಕಪ್ಪುಬಿಳುಪು ಎನಾಮಲ್‌ನ ಝೀಬ್ರಾ ಕಡಗ, ಪ್ಯಾರಿಸ್ಸಿನ ವ್ಯಾನ್ ಕ್ಲೀಫ್ ಆ್ಯಂಡ್ ಆರ್ಪೆಲ್ಸ್ 1954ರಲ್ಲಿ ತೆರೆದ ಕಡಿಮೆ ಬೆಲೆಯ ಅಂಗಡಿಯಲ್ಲಿ ಮಾರಿದ ಕಣ್ಣು ಹೊಡೆಯುವ ಬೆಕ್ಕು, 1962ರ ಕೆದರುಗೂದಲಿನ ಸಿಂಹ, ಟಿಫನಿಗಾಗಿ ಶ್ಲುಂಬರ್ಜೆ 1965ರಲ್ಲಿ ಮಾಡಿದ, ದೊಡ್ಡ ಕಲ್ಲಿನ ಮೇಲೆ ಕುಳಿತ ಪುಟ್ಟ ಹಕ್ಕಿ—ಇವು ಸಂಗ್ರಾಹಕರು ಇಂದಿಗೂ ಹುಡುಕುವ ವಸ್ತುಗಳು. ಬೆಕ್ಕು, ಸಿಂಹಗಳ ಗುಟ್ಟು ಸರಳ: ಅವು ನಗಿಸುತ್ತವೆ. ವಜ್ರದ ಹಾರಕ್ಕೆ ಆ ಶಕ್ತಿಯಿಲ್ಲ.

ಅಮೆರಿಕದ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಮೆಡಲೀನ್ ಆಲ್‌ಬ್ರೈಟ್‌ಳನ್ನು, ಅವಳು ಇನ್ನೂ ವಿಶ್ವಸಂಸ್ಥೆಯಲ್ಲಿ ರಾಯಭಾರಿಯಾಗಿದ್ದಾಗ, ಇರಾಕಿನ ಪತ್ರಿಕೆಯೊಂದು ಹಾವು ಎಂದು ಬೈಯಿತು. ಮುಂದಿನ ಸಲ ಇರಾಕಿನ ಅಧಿಕಾರಿಗಳನ್ನು ಭೇಟಿಯಾಗಲು ಆಕೆ ತನ್ನಲ್ಲಿದ್ದ ಹಳೆಯ ಹಾವಿನ ಬ್ರೂಚ್ ಚುಚ್ಚಿಕೊಂಡು ಹೋದಳು. ಆಮೇಲೆ ಯಾವ ಮಾತುಕತೆಗೆ ಯಾವ ಪ್ರಾಣಿ ಎಂದು ಆರಿಸುವುದೇ ಅವಳ ಪದ್ಧತಿಯಾಯಿತು. 2009ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದಳು.

ಬೆಲೆ, ಗುರುತು, ಕಾನೂನು

ಹಳೆಯ ಮಕರದ ಕಡಗವನ್ನು ನಮ್ಮ ಅಂಗಡಿಗೆ ಒಯ್ದರೆ ಅರಗಿನ ತೂಕ ಕಳೆದು, ಕಲ್ಲಿನ ತೂಕ ಕಳೆದು, ಒರೆಗೆ ಹಚ್ಚಿ, ಉಳಿದ ಗ್ರಾಮಿಗೆ ಆ ದಿನದ ದರ ಕಟ್ಟುತ್ತಾರೆ. ಮೂತಿಯ ಕೆಲಸಕ್ಕೆ ಬೆಲೆ ಸೊನ್ನೆ. ವಿಂಡ್ಸರ್ ಚಿರತೆಯ ಲೆಕ್ಕ ತಿರುಗುಮುರುಗು. ಅದರ ಲೋಹ, ಕಲ್ಲುಗಳನ್ನು ಬಿಡಿಯಾಗಿ ಮಾರಿದರೆ ಹರಾಜಿನ ಬೆಲೆಯ ಅಲ್ಪ ಭಾಗವೂ ಸಿಗಲಾರದು, ಉಳಿದದ್ದೆಲ್ಲ ಕೆಲಸಕ್ಕೆ, ಹೆಸರಿಗೆ, ತೊಟ್ಟವರ ಕಥೆಗೆ. ನಮ್ಮ ಅಕ್ಕಸಾಲಿಗ ಹೆಸರು ಕೆತ್ತುವವನಲ್ಲ. ಆದ್ದರಿಂದ ಅವನ ಮಕರ ಹರಾಜುಕಟ್ಟೆಯಲ್ಲಿ ‘ದಕ್ಷಿಣ ಭಾರತ, ಹತ್ತೊಂಬತ್ತನೆಯ ಶತಮಾನ’ ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಇದು ಅನ್ಯಾಯವೇ.

ಹಳತನ್ನು ಗುರುತಿಸಲು ಬಲ್ಲವರು ಮೊದಲು ಒಡವೆಯನ್ನು ಮಗುಚುತ್ತಾರೆ. ಒಳ್ಳೆಯ ಕೆಲಸದಲ್ಲಿ ಬೆನ್ನೂ ಹೊಟ್ಟೆಯಷ್ಟೇ ಅಚ್ಚುಕಟ್ಟು, ಅಚ್ಚಿನಲ್ಲಿ ಎರಕ ಹೊಯ್ದ ನಕಲಿನ ಬೆನ್ನು ಒರಟು. ಮುದ್ರೆಗಳಲ್ಲೂ ಒಂದು ಮೃಗಾಲಯವಿದೆ. ಫ್ರಾನ್ಸಿನ 18 ಕ್ಯಾರಟ್ ಚಿನ್ನಕ್ಕೆ 1838ರಿಂದ ಹದ್ದಿನ ತಲೆ, ಪ್ಲಾಟಿನಮ್ಮಿಗೆ ನಾಯಿಯ ತಲೆ, ಹೊರಗಿನಿಂದ ಬಂದದ್ದಕ್ಕೆ ಗೂಬೆ. ಲಂಡನ್ನಿನ ಮುದ್ರೆ 1300ರಿಂದಲೂ ಚಿರತೆಯ ತಲೆ. ಭಾರತದ ಹಾಲ್‌ಮಾರ್ಕ್‌ನಲ್ಲಿ ತ್ರಿಕೋನ ಮತ್ತು ಆರು ಅಕ್ಷರ-ಅಂಕಿಗಳ ಸಂಖ್ಯೆ ಇದೆ, ಪ್ರಾಣಿಯಿಲ್ಲ. ಅಜ್ಜಿಯ ಒಡವೆಗಳ ಮೇಲೆ ಅದೂ ಇರುವುದಿಲ್ಲ.

1972ರ ಪ್ರಾಚೀನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಅಮೆರಿಕದಲ್ಲಿ ನೆಲೆಸಿದ ಮಗಳಿಗೆ ಮುತ್ತಜ್ಜಿಯ ನಾಗಮುರಿಗೆ ಕೊಟ್ಟು ಕಳಿಸುವ ಮುನ್ನ ಇದು ನೆನಪಿರಬೇಕು. ಅದೇ ವರ್ಷದ ವನ್ಯಜೀವಿ ಸಂರಕ್ಷಣಾ ಕಾಯಿದೆ ಹುಲಿಯುಗುರನ್ನು ಮುಟ್ಟುತ್ತದೆ. 2023ರ ಅಕ್ಟೋಬರ್‌ನಲ್ಲಿ ಕನ್ನಡದ ಟಿವಿ ರಿಯಾಲಿಟಿ ಕಾರ್ಯಕ್ರಮವೊಂದರ ಸ್ಪರ್ಧಿಯನ್ನು ಹುಲಿಯುಗುರಿನ ಪದಕ ತೊಟ್ಟದ್ದಕ್ಕಾಗಿ ಅರಣ್ಯ ಇಲಾಖೆ ಬಂಧಿಸಿದಾಗ, ರಾಜ್ಯದ ಎಷ್ಟೋ ಮನೆಗಳ ಬೀರುಗಳು ಅವಸರದಲ್ಲಿ ತೆರೆದುಕೊಂಡವು. ಅಜ್ಜ ಕೊಟ್ಟದ್ದು, ಮಗುವಿಗೆ ದೃಷ್ಟಿಯಾಗದಿರಲೆಂದು ಕಟ್ಟಿದ್ದು ಎಂಬ ಸಮಜಾಯಿಷಿಗಳು ಕಾಯಿದೆಯ ಮುಂದೆ ನಿಲ್ಲಲಿಲ್ಲ. ಬಳಿಕ ಸರ್ಕಾರ ಇಂಥವನ್ನು ಒಪ್ಪಿಸಲು ಕಾಲಾವಕಾಶ ಕೊಟ್ಟಿತು. ಹೀಗೆ ಹೊರಬಂದ ಉಗುರುಗಳಲ್ಲಿ ಕೆಲವು ನಕಲಿ ಎಂದು ತಿಳಿದದ್ದೂ ಉಂಟು.

ರಿಪೇರಿಗೆ ಬರುವ ಪ್ರಾಣಿ ಒಡವೆಗಳಲ್ಲಿ ಮೊದಲು ಕಳೆದುಹೋಗಿರುವುದು ಕಣ್ಣು. ತಲೆಯ ತೀರ ಹೊರಬದಿಯಲ್ಲಿ, ಸಣ್ಣ ಗುಳಿಯಲ್ಲಿ ಕೂತಿರುವ ಕಲ್ಲದು. ಸೀರೆಯ ನೂಲಿಗೆ ಸಿಕ್ಕಿ ಒಂದು ದಿನ ಹಾರಿಹೋಗುತ್ತದೆ. ಹೊರದೇಶದ ಸಂಗ್ರಾಹಕರು ಬದಲಿ ಕಣ್ಣನ್ನು ದೋಷವೆಂದು ಎಣಿಸಿ ಬೆಲೆ ಇಳಿಸುತ್ತಾರೆ. ನಮ್ಮಲ್ಲಿ ಅಕ್ಕಸಾಲಿಗ ಡಬ್ಬಿ ಕೆದಕಿ ಹೊಂದುವ ಕೆಂಪು ಸಿಗದಿದ್ದರೆ ಗುಲಾಬಿ ಗಾಜು ಕೂರಿಸಿಬಿಡುತ್ತಾನೆ. ಹಳೆಯ ಮಕರಗಳಲ್ಲಿ ಎಷ್ಟೋ ಹೀಗೆ ಒಂದು ಕಣ್ಣಿನಿಂದ ಬರ್ಮಾದ ಕೆಂಪನ್ನೂ ಇನ್ನೊಂದರಿಂದ ಪೇಟೆಯ ಗಾಜನ್ನೂ ತೋರುತ್ತ ಮೂರನೆಯ ತಲೆಮಾರಿನ ಕೈಯಲ್ಲಿವೆ.